‘ಕಾಣಿಸುತ್ತಿಲ್ಲ’ ಎಂಬ ಮಾತಿನ ಹಲವು ಅರ್ಥಗಳು: ಗುಂಪು ಕರೆಯಲ್ಲಿ ಪರದೆ ಹಂಚಿಕೆಯ ತೊಡಕುಗಳು

ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಾಗುತ್ತಿದ್ದಂತೆ ತಿರುಪ್ಪೂರಿನ ಉಡುಪು ರಫ್ತು ಕಚೇರಿಗಳಲ್ಲಿ ಮೇಜಿನಿಂದ ಮೇಜಿಗೆ ಒಂದೇ ಪ್ರಶ್ನೆ ಕೇಳಿಬರತೊಡಗುತ್ತದೆ: “ನನ್ನ ಸ್ಕ್ರೀನ್ ಕಾಣಿಸುತ್ತಿದೆಯೇ?” ಭಾರತದ ಗಡಿಯಾರ ಲಂಡನ್ನಿನ ಗಡಿಯಾರಕ್ಕಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮುಂದಿದೆ. ಅಲ್ಲಿಯ ಖರೀದಿದಾರರು ಬೆಳಿಗ್ಗೆ ಕಚೇರಿಗೆ ಬಂದು ಕುಳಿತಾಗ ಇಲ್ಲಿ ಅರ್ಧ ದಿನ ಕಳೆದಿರುತ್ತದೆ. ಉಳಿದ ಅರ್ಧ ದಿನದಲ್ಲಿ ಅಂಗಿಯ ಅಳತೆಯ ಪಟ್ಟಿ, ಮುದ್ರಣದ ವಿನ್ಯಾಸ, ಸರಕು ಹೊರಡುವ ದಿನಾಂಕ ಎಲ್ಲವೂ ಟೀಮ್ಸ್, ಸ್ಲ್ಯಾಕ್, ಜೋಹೊ ಕ್ಲಿಕ್‌ನಂತಹ ತಂತ್ರಾಂಶಗಳ ಗುಂಪು ಕರೆಗಳಲ್ಲಿ ತೀರ್ಮಾನವಾಗಬೇಕು. ಖರೀದಿದಾರರಿಗೂ ಕಾರ್ಖಾನೆಗೂ ನಡುವೆ ನಿಂತು ಮಾತಾಡುವ ನೌಕರರನ್ನು ಇಲ್ಲಿ ಮರ್ಚಂಡೈಸರ್ ಎನ್ನುತ್ತಾರೆ. ಕನ್ನಡ ಪದವೀಧರರಲ್ಲಿಯೂ ಕೆಲವರು ಈ ಉದ್ಯೋಗಕ್ಕೆ ಸೇರುವುದುಂಟು. ವ್ಯಾವಹಾರಿಕ ಕನ್ನಡದ ಪಾಠದಲ್ಲಿ ಅರ್ಜಿ, ವರದಿ, ನಡಾವಳಿಗಳ ಜೊತೆಗೆ ಈ ವಿಷಯಕ್ಕೂ ಒಂದು ಎಡೆ ಇರುವುದು ಉಚಿತ.

ಮೇಲಿನ ಪ್ರಶ್ನೆಗೆ ಬರುವ ಉತ್ತರ ಬಹುತೇಕ ಒಂದೇ: “ಕಾಣಿಸುತ್ತಿಲ್ಲ.” ತೊಡಕು ಆರಂಭವಾಗುವುದು ಯಂತ್ರದಲ್ಲಲ್ಲ, ಈ ಉತ್ತರದಲ್ಲಿ. ಕಾಣಿಸುತ್ತಿಲ್ಲ ಎಂದರೆ ಏನೂ ಬಂದಿಲ್ಲವೆಂದೇ, ಕಪ್ಪು ಚೌಕ ಬಂದಿದೆಯೆಂದೇ, ಬೇರೆ ಯಾವುದೋ ಕಡತ ಕಾಣುತ್ತಿದೆಯೆಂದೇ, ಚಿತ್ರ ಬಂದು ನಿಂತುಬಿಟ್ಟಿದೆಯೆಂದೇ, ಅಕ್ಷರ ಮಸುಕಾಗಿದೆಯೆಂದೇ? ಇವು ಬೇರೆ ಬೇರೆ ರೋಗಗಳು. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯದು. ವೈದ್ಯನ ಮುಂದೆ “ಮೈ ಸರಿಯಿಲ್ಲ” ಎಂದಷ್ಟೇ ಹೇಳಿ ಸುಮ್ಮನಾಗುವ ರೋಗಿಯಂತೆ, “ಕಾಣಿಸುತ್ತಿಲ್ಲ” ಎಂದು ನಿಲ್ಲಿಸುವವರು ತಮ್ಮ ಸಮಯವನ್ನೂ ಎದುರಿನವರ ಸಮಯವನ್ನೂ ಕಳೆಯುತ್ತಾರೆ.

ತಿರುಪ್ಪೂರಿನಂತಹ ಬಹುಭಾಷಿಕ ಊರಿನಲ್ಲಿ ಈ ಅಸ್ಪಷ್ಟತೆಗೆ ಇನ್ನೊಂದು ಸುತ್ತು ಸೇರುತ್ತದೆ. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನಲ್ಲಿಯೂ ನೆರೆಯ ಕೊಯಮತ್ತೂರಿನಲ್ಲಿಯೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನಾಡುವ ದೇವಾಂಗ ಮತ್ತು ಒಕ್ಕಲಿಗ ಕುಟುಂಬಗಳಿವೆ. ಅವರ ಓದುಬರಹ ಹೆಚ್ಚಾಗಿ ತಮಿಳಿನಲ್ಲಿ. ತಮಿಳಿನ ‘ತೆರಿಯವಿಲ್ಲೈ’ ಎಂಬ ಮಾತಿಗೆ ‘ಕಾಣುತ್ತಿಲ್ಲ’ ಎಂಬ ಅರ್ಥವೂ ಇದೆ, ‘ಗೊತ್ತಿಲ್ಲ’ ಎಂಬ ಅರ್ಥವೂ ಇದೆ. ಕನ್ನಡವು ಕಾಣುವುದನ್ನೂ ತಿಳಿಯುವುದನ್ನೂ ಬೇರೆ ಧಾತುಗಳಿಗೆ ಒಪ್ಪಿಸಿದೆ. ಮರಾಠಿಯ ‘ದಿಸತ ನಾಹೀ’ ಕೂಡ ಕಣ್ಣಿನ ಮಾತನ್ನಷ್ಟೇ ಹೇಳುತ್ತದೆ. ಆದರೆ ಕನ್ನಡದಲ್ಲಿಯೂ ಒಂದು ಸೂಕ್ಷ್ಮವಿದೆ. ‘ತೋರು’ ಎಂಬ ಕ್ರಿಯಾಪದ ಸಕರ್ಮಕವೂ ಹೌದು, ಅಕರ್ಮಕವೂ ಹೌದು: ದಾರಿ ತೋರುವುದೆಂದರೆ ಇನ್ನೊಬ್ಬರಿಗೆ ಕಾಣಿಸುವಂತೆ ಮಾಡುವುದು; ಹಾಗೆ ತೋರುತ್ತದೆ ಎಂದರೆ ತಾನೇ ಕಾಣುವುದು. ಪರದೆ ಹಂಚಿಕೆಯ ಸಮಸ್ಯೆಯೆಲ್ಲ ಈ ಎರಡು ‘ತೋರು’ಗಳ ನಡುವಿನ ಅಂತರದಲ್ಲಿದೆ. ತೋರಿಸಿದವರು ತೋರಿಸಿಯಾಯಿತೆಂದು ನಂಬಿರುತ್ತಾರೆ. ನೋಡುವವರಿಗೆ ಅದು ತೋರಿರುವುದಿಲ್ಲ.

(‘ಪರದೆ’ ಪಾರಸಿ ಮೂಲದ್ದು, ಮರಾಠಿಯಲ್ಲಿ ಅದು ‘ಪಡದಾ’. ದೇಶ್ಯವಾದ ‘ತೆರೆ’ ಇದ್ದೂ ಬಳಕೆಯಲ್ಲಿ ಪರದೆಯೇ ಮೇಲುಗೈ ಸಾಧಿಸಿದೆ. ತೆರೆ ಎಂದರೆ ಮರೆಮಾಡುವ ಬಟ್ಟೆಯೂ ಹೌದು, ತೆರೆಯುವ ಕ್ರಿಯೆಯೂ ಹೌದು ಎಂಬುದನ್ನು ನೆನೆದರೆ, ಮರೆಯನ್ನೂ ತೆರವನ್ನೂ ಒಟ್ಟಿಗೆ ಸೂಚಿಸುವ ಈ ಪದ ಪ್ರಸ್ತುತ ವಿಷಯಕ್ಕೆ ಹೆಚ್ಚು ಒಪ್ಪುತ್ತಿತ್ತೇನೋ.)

ದೋಷವನ್ನು ಪತ್ತೆಹಚ್ಚಲು ಮೊದಲು ಚಿತ್ರ ಸಾಗುವ ದಾರಿಯನ್ನು ಅರಿಯಬೇಕು. ಹಂಚುವವರ ಗಣಕವು ಪರದೆಯ ಮೇಲಿರುವುದನ್ನು ಸೆರೆಹಿಡಿಯುತ್ತದೆ. ಅದನ್ನು ವಿಡಿಯೊದಂತೆ ಅಡಕಗೊಳಿಸಿ ಕಳುಹಿಸುತ್ತದೆ. ಗುಂಪು ಕರೆಯಲ್ಲಿ ಸಾಮಾನ್ಯವಾಗಿ ಆ ಚಿತ್ರ ಪ್ರತಿಯೊಬ್ಬರಿಗೂ ನೇರವಾಗಿ ಹೋಗುವುದಿಲ್ಲ. ಮೊದಲು ಸೇವೆ ನೀಡುವ ಸಂಸ್ಥೆಯ ಸರ್ವರಿಗೆ ಹೋಗಿ, ಅಲ್ಲಿಂದ ಒಬ್ಬೊಬ್ಬರಿಗೆ ಹಂಚಿಕೆಯಾಗುತ್ತದೆ. ಈ ಒಂದು ಸಂಗತಿಯಿಂದಲೇ ಅರ್ಧ ರೋಗನಿದಾನ ಮುಗಿಯುತ್ತದೆ. ಎಂಟು ಜನರ ಕರೆಯಲ್ಲಿ ಎಲ್ಲರಿಗೂ ಕಾಣದಿದ್ದರೆ ದೋಷವಿರುವುದು ಬಹುಮಟ್ಟಿಗೆ ಹಂಚುವವರ ಕಡೆ. ಏಳು ಜನರಿಗೆ ಕಂಡು ಒಬ್ಬರಿಗೆ ಮಾತ್ರ ಕಾಣದಿದ್ದರೆ ಹಂಚುವವರು ತಮ್ಮ ಗಣಕವನ್ನು ಮುಟ್ಟುವ ಅಗತ್ಯವೇ ಇಲ್ಲ. ಆ ಒಬ್ಬರು ಕರೆಯಿಂದ ಹೊರಬಂದು ಮತ್ತೆ ಸೇರಬೇಕು, ಇಲ್ಲವೆ ತಮ್ಮ ಸಂಪರ್ಕವನ್ನೂ ತಂತ್ರಾಂಶದ ಆವೃತ್ತಿಯನ್ನೂ ಪರಿಶೀಲಿಸಬೇಕು. ಆದುದರಿಂದ “ಕಾಣಿಸುತ್ತಿಲ್ಲ” ಎಂಬ ಉತ್ತರ ಬಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ “ಯಾರಿಗೆ?” ಎಂಬುದು, ಎರಡನೆಯದು “ಏನು ಕಾಣಿಸುತ್ತಿದೆ?” ಎಂಬುದು. ಹಂಚಿಕೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವ ಸಾರ್ವತ್ರಿಕ ಚಿಕಿತ್ಸೆ ಈ ಎರಡು ಪ್ರಶ್ನೆಗಳ ನಂತರ ಬರಬೇಕು.

ಇಬ್ಬರಿದ್ದಾಗ ಸರಿಯಾಗಿದ್ದ ಹಂಚಿಕೆ ಮೂರನೆಯವರು ಸೇರಬೇಕಾದಾಗ ಕೈಕೊಡುವುದುಂಟು. ಇದಕ್ಕೆ ಎರಡು ಕಾರಣಗಳು ಸಾಮಾನ್ಯ. ಮೊದಲನೆಯದು ದೋಷವೇ ಅಲ್ಲ, ಯೋಜನೆಯ ಮಿತಿ. ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ ‘ಹಡಲ್’ ಎಂಬ ಕರೆ ಇಬ್ಬರಿಗೆ ಸೀಮಿತವಾಗಿದ್ದು, ಹಣ ತೆರುವ ಯೋಜನೆಗಳಲ್ಲಿ 50 ಜನರವರೆಗೆ ಸೇರಬಹುದು. ಇದನ್ನರಿಯದೆ ಗಂಟೆಗಟ್ಟಲೆ ಕೇಬಲ್ ಬದಲಿಸುವುದು ವ್ಯರ್ಥ. ಎರಡನೆಯದು ಕಚೇರಿಯ ಫೈರ್‌ವಾಲ್. ಕೆಲವು ತಂತ್ರಾಂಶಗಳಲ್ಲಿ ಇಬ್ಬರ ಕರೆ ಗಣಕದಿಂದ ಗಣಕಕ್ಕೆ ನೇರವಾಗಿ ಸಾಗಬಹುದು. ಗುಂಪಿನ ಕರೆ ಸರ್ವರಿನ ಮೂಲಕವೇ ಸಾಗಬೇಕು. ಆ ದಾರಿಯನ್ನು ಫೈರ್‌ವಾಲ್ ಮುಚ್ಚಿದ್ದರೆ ತೊಂದರೆ ಗುಂಪಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಟೀಮ್ಸ್ ತಂತ್ರಾಂಶವು ಧ್ವನಿ, ವಿಡಿಯೊ, ಪರದೆಗಳಿಗಾಗಿ 3478ರಿಂದ 3481ರವರೆಗಿನ ಯುಡಿಪಿ ಪೋರ್ಟುಗಳನ್ನು ಬಳಸುತ್ತದೆ. ಅವು ಮುಚ್ಚಿದ್ದರೆ ಸಾಮಾನ್ಯ ಜಾಲತಾಣಗಳು ಬಳಸುವ 443ನೆಯ ಪೋರ್ಟಿನ ಮೂಲಕ ಹೇಗೋ ಸಾಗಲು ಯತ್ನಿಸುತ್ತದೆ. ಕರೆ ಕೂಡುತ್ತದೆ, ಆದರೆ ಪರದೆ ಕುಂಟುತ್ತದೆ. ಇದು ಐಟಿ ವಿಭಾಗದವರು ಸರಿಪಡಿಸಬೇಕಾದ ವಿಷಯ. ಆದರೆ ಪೋರ್ಟುಗಳ ಸಂಖ್ಯೆಯನ್ನು ಹೇಳಿ ದೂರು ಕೊಟ್ಟವರ ಕೆಲಸ ಬೇಗ ಆಗುತ್ತದೆ. ಇದಲ್ಲದೆ, ಸಭೆಯ ಆಯ್ಕೆಗಳಲ್ಲಿ ಯಾರು ಪ್ರಸ್ತುತಪಡಿಸಬಹುದು ಎಂಬ ಒಂದು ಸಾಲಿರುತ್ತದೆ. ಹೊರಗಿನಿಂದ ಬಂದ ಅತಿಥಿಗೆ ಹಂಚುವ ಗುಂಡಿಯೇ ಒತ್ತಲಾಗದಿದ್ದರೆ ಮೊದಲು ನೋಡಬೇಕಾದುದು ಅಲ್ಲಿ.

ಏನೂ ಬಾರದಿರುವುದಕ್ಕೂ ಕಪ್ಪು ಚೌಕ ಬರುವುದಕ್ಕೂ ಭೇದವಿದೆ. ಕಪ್ಪು ಚೌಕ ಬಂದಿತೆಂದರೆ ದಾರಿ ತೆರೆದಿದೆ, ಸೆರೆಹಿಡಿಯುವಲ್ಲಿ ದೋಷವಿದೆ ಎಂದರ್ಥ. ಎರಡು ಗ್ರಾಫಿಕ್ಸ್ ಚಿಪ್‌ಗಳುಳ್ಳ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚು. ಪರದೆಯನ್ನು ಒಂದು ಚಿಪ್ ಬಿಡಿಸುತ್ತಿರುತ್ತದೆ, ಸೆರೆಹಿಡಿಯುವ ತಂತ್ರಾಂಶ ಇನ್ನೊಂದರ ಮೇಲೆ ಓಡುತ್ತಿರುತ್ತದೆ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ವಿಭಾಗದ ಗ್ರಾಫಿಕ್ಸ್ ಪುಟಕ್ಕೆ ಹೋಗಿ ಆ ತಂತ್ರಾಂಶಕ್ಕೆ ಬೇರೆ ಚಿಪ್ಪನ್ನು ಸೂಚಿಸಬಹುದು. ಬ್ರೌಸರಿನ ಕಿಟಕಿ ಕಪ್ಪಾಗಿ ಕಾಣುತ್ತಿದ್ದರೆ ಅದರ ಹಾರ್ಡ್‌ವೇರ್ ಆಕ್ಸಲರೇಷನ್ ಆಯ್ಕೆಯನ್ನು ಆರಿಸಿ ನೋಡಬಹುದು. ಹಕ್ಕುಸ್ವಾಮ್ಯದ ರಕ್ಷಣೆಯುಳ್ಳ ಚಲನಚಿತ್ರವನ್ನು ಹಂಚಹೊರಟರೆ ಕಪ್ಪು ಬರುವುದು ಉದ್ದೇಶಪೂರ್ವಕ. ಅದಕ್ಕೆ ಪರಿಹಾರ ಹುಡುಕಬೇಕಾಗಿಲ್ಲ. ಆಪಲ್ ಗಣಕಗಳ ಕಥೆ ಇನ್ನೊಂದು ಬಗೆಯದು. 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಪರದೆಯನ್ನು ಸೆರೆಹಿಡಿಯಲು ಬಳಕೆದಾರರು ಪ್ರತ್ಯೇಕ ಅನುಮತಿ ಕೊಡಬೇಕು. ಕೊಡದಿದ್ದರೆ ನೋಡುವವರಿಗೆ ಹಿನ್ನೆಲೆಯ ಚಿತ್ರ ಮಾತ್ರ ಕಾಣುತ್ತದೆ, ಅದರ ಮೇಲೆ ತೆರೆದಿಟ್ಟ ಕಡತಗಳೊಂದೂ ಕಾಣುವುದಿಲ್ಲ. “ನಿಮ್ಮ ಗಣಕದಲ್ಲಿ ಏನೂ ತೆರೆದಿಲ್ಲವಲ್ಲ” ಎಂದು ಎದುರಿನವರು, “ಎಲ್ಲವೂ ಕಣ್ಣ ಮುಂದೆಯೇ ಇದೆಯಲ್ಲ” ಎಂದು ಇವರು ವಾದಿಸುತ್ತ ಕೂರುವ ಪ್ರಸಂಗ ಇದರಿಂದಲೇ ಹುಟ್ಟುವುದು. ಅನುಮತಿ ಕೊಟ್ಟ ಮೇಲೆ ತಂತ್ರಾಂಶವನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಹಾಗಾಗಿ ಈ ಕೆಲಸ ಕರೆಯ ಹಿಂದಿನ ದಿನವೇ ಆಗಿರುವುದು ಲೇಸು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ‘ಬೇರೆಯದು ಕಾಣುತ್ತಿದೆ’ ಎಂಬ ಸ್ಥಿತಿ. ಏಕೆಂದರೆ ಇಲ್ಲಿ ನೋಡುವವರು ದೂರುವುದೇ ಇಲ್ಲ. ಅವರಿಗೆ ಒಂದು ಚಿತ್ರ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಅದು ತೋರಿಸಬೇಕಾದ ಚಿತ್ರವಲ್ಲ ಅಷ್ಟೇ. ಹಂಚುವಾಗ ಇಡೀ ಪರದೆಯನ್ನು ಹಂಚುವುದೋ ಒಂದು ಕಿಟಕಿಯನ್ನು ಮಾತ್ರ ಹಂಚುವುದೋ ಎಂಬ ಆಯ್ಕೆ ಬರುತ್ತದೆ. 2013ರ ಆವೃತ್ತಿಯಿಂದ ಎಕ್ಸೆಲ್ ತಂತ್ರಾಂಶವು ಪ್ರತಿಯೊಂದು ಕಡತವನ್ನೂ ಅದರದೇ ಆದ ಕಿಟಕಿಯಲ್ಲಿ ತೆರೆಯುತ್ತದೆ. ಅಳತೆಯ ಪಟ್ಟಿಯ ಕಿಟಕಿಯೊಂದನ್ನು ಹಂಚಿ, ನಡುವೆ ಪರಿಷ್ಕೃತ ಪಟ್ಟಿಯ ಕಡತವನ್ನು ತೆರೆದರೆ, ಹಂಚುವವರ ಕಣ್ಣ ಮುಂದೆ ಹೊಸದಿರುತ್ತದೆ, ನೋಡುವವರ ಮುಂದೆ ಹಳೆಯದೇ ಉಳಿದಿರುತ್ತದೆ. ಪವರ್‌ಪಾಯಿಂಟ್‌ನಲ್ಲಿ ಪ್ರದರ್ಶನ ಆರಂಭಿಸಿದಾಗ ಅದು ಹೊಸ ಕಿಟಕಿಯಾಗಿ ತೆರೆದುಕೊಂಡು, ನೋಡುವವರಿಗೆ ಹಲವು ಬಾರಿ ಹಿಂದಿನ ಸಂಪಾದನೆಯ ಪುಟವೇ ಕಾಣುತ್ತಿರುತ್ತದೆ. ಸಂವಾದಪೆಟ್ಟಿಗೆಗಳೂ ಬಿಚ್ಚಿಕೊಳ್ಳುವ ಪಟ್ಟಿಗಳೂ ಹೀಗೆಯೇ ಮರೆಯಾಗುವುದುಂಟು.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಖರೀದಿದಾರರ ಕಡೆಯವರು ಮಾದರಿ ಅಂಗಿಯನ್ನು ನೋಡಿ ಎದೆಯಳತೆಯನ್ನು ಒಂದು ಸೆಂಟಿಮೀಟರ್ ಹೆಚ್ಚಿಸಲು ಕೇಳಿದ್ದಾರೆ. ಮರ್ಚಂಡೈಸರ್ ಹೊಸ ಪಟ್ಟಿಯನ್ನು ಸಿದ್ಧಪಡಿಸಿ, ಕರೆಯಲ್ಲಿ ಅದನ್ನು ತೆರೆದು ಸಾಲು ಸಾಲಾಗಿ ಕೆಳಗೆ ಸರಿಸುತ್ತ ವಿವರಿಸುತ್ತಾರೆ. ಎದುರಿನವರ ಮುಂದೆ ಹಳೆಯ ಪಟ್ಟಿ ನಿಂತಿದೆ. ಅಥವಾ ಹೊಸದೇ ಬಂದು ಮೊದಲ ಪುಟದಲ್ಲಿಯೇ ಹೆಪ್ಪುಗಟ್ಟಿದೆ. ಧ್ವನಿ ಮಾತ್ರ ನಿರಾತಂಕವಾಗಿ ಸಾಗುತ್ತಿದೆ. ಪರದೆಗಿಂತ ಧ್ವನಿಗೆ ಬೇಕಾಗುವ ದತ್ತಾಂಶ ಬಹಳ ಕಡಿಮೆಯಾದುದರಿಂದ ಚಿತ್ರ ನಿಂತರೂ ಮಾತು ನಿಲ್ಲುವುದಿಲ್ಲ. ವಿವರಣೆ ಮುಗಿದಾಗ ಆ ಕಡೆಯಿಂದ “ಆಗಲಿ, ಒಪ್ಪಿದೆ” ಎಂಬ ಉತ್ತರ. ಒಪ್ಪಿದ್ದು ಯಾವುದನ್ನು? ಹಳೆಯದನ್ನೋ ಹೊಸದನ್ನೋ? ಮರುದಿನ ಬಟ್ಟೆ ಪದರ ಪದರವಾಗಿ ಹಾಸಿ ಕತ್ತರಿಸುವ ಮೇಜನ್ನು ಏರುತ್ತದೆ. ಕಿರಿದಾಗಿ ಕತ್ತರಿಸಿದ ಬಟ್ಟೆಯನ್ನು ಹಿರಿದು ಮಾಡುವ ವಿದ್ಯೆ ತಿರುಪ್ಪೂರಿನಲ್ಲಿಯೂ ಇಲ್ಲ.

ಈ ಸ್ಥಿತಿಗೆ ಸುಲಭವಾಗಿ ಸೂಚಿಸುವ ಪರಿಹಾರವೆಂದರೆ ಇಡೀ ಪರದೆಯನ್ನು ಹಂಚುವುದು. ಅದು ಫಲ ಕೊಡುತ್ತದೆ. ಆದರೆ ಬಾಗಿಲನ್ನು ಅಗತ್ಯಕ್ಕಿಂತ ಅಗಲವಾಗಿ ತೆರೆಯುತ್ತದೆ. ಒಬ್ಬ ಖರೀದಿದಾರರೊಂದಿಗೆ ಮಾತಾಡುತ್ತಿರುವಾಗ ಇನ್ನೊಬ್ಬರ ದರಪಟ್ಟಿಯ ಸಂದೇಶ ಪರದೆಯ ಮೂಲೆಯಲ್ಲಿ ಇಣುಕಿದರೆ, ಅಥವಾ ಕಾರ್ಖಾನೆಯ ಒಳವೆಚ್ಚದ ಹಾಳೆ ಕ್ಷಣಮಾತ್ರ ಕಂಡರೂ, ಆಗುವ ನಷ್ಟ ಮಸುಕಾದ ಚಿತ್ರದಿಂದ ಆಗುವ ನಷ್ಟಕ್ಕಿಂತ ದೊಡ್ಡದು. ಕಿಟಕಿಯನ್ನೇ ಹಂಚುವುದು, ಕಡತ ಬದಲಾದಾಗಲೆಲ್ಲ ಹಂಚಿಕೆಯನ್ನೂ ಬದಲಿಸುವುದು, ಬದಲಿಸಿದಾಗ ಬಾಯಿಬಿಟ್ಟು ಹೇಳುವುದು ಮೇಲು. ಇಡೀ ಪರದೆಯೇ ಬೇಕಾದರೆ ಸೂಚನಾ ಸಂದೇಶಗಳನ್ನು ಆರಿಸಿ, ಬೇಡದ ಕಡತಗಳನ್ನು ಮುಚ್ಚಿ ಕೂರಬೇಕು. ಬ್ರೌಸರಿನ ಮೂಲಕ ಸೇರಿದವರಿಗೆ ಪ್ರತಿ ಬಾರಿಯೂ “ಯಾವುದನ್ನು ಹಂಚುವಿರಿ?” ಎಂಬ ಪ್ರಶ್ನೆ ಎದುರಾಗುತ್ತದೆ. ಅದು ಕಿರಿಕಿರಿಯೆನಿಸಿದರೂ ಈ ಅಪಾಯವನ್ನು ತಡೆಯಲೆಂದೇ ಇಟ್ಟ ಕಾವಲು.

ತಮ್ಮ ಪರದೆ ಎದುರಿನವರಿಗೆ ಹೇಗೆ ಕಾಣುತ್ತಿದೆಯೆಂದು ಹಂಚುವವರಿಗೆ ತಿಳಿಯುವ ಬಗೆ ಯಾವುದು? ಕಿಟಕಿಯ ಸುತ್ತ ಕಾಣುವ ಬಣ್ಣದ ಅಂಚು, ಮೂಲೆಯ ಪುಟ್ಟ ಪ್ರತಿಬಿಂಬ, ಇವು ಗಣಕದಿಂದ ಏನು ಹೊರಡುತ್ತಿದೆ ಎಂಬುದನ್ನು ಹೇಳುತ್ತವೆ. ಅಲ್ಲಿಗೆ ಏನು ಮುಟ್ಟಿತೆಂಬುದನ್ನು ಹೇಳುವುದಿಲ್ಲ. ಅಂಚೆಗೆ ಹಾಕಿದ ರಸೀದಿ ಕಾಗದ ತಲುಪಿದ್ದಕ್ಕೆ ಸಾಕ್ಷಿಯಲ್ಲ. ಅನುಭವಿಗಳು ಅನುಸರಿಸುವ ಉಪಾಯವೊಂದಿದೆ: ಅದೇ ಕರೆಗೆ ತಮ್ಮ ಫೋನಿನಿಂದಲೂ ಸೇರುವುದು. ಫೋನಿನ ಮೈಕನ್ನೂ ಸ್ಪೀಕರನ್ನೂ ಆರಿಸಿ, ಕಚೇರಿಯ ವೈಫೈ ಬಿಟ್ಟು ಮೊಬೈಲ್ ದತ್ತಾಂಶದ ಮೇಲೆ ಇಟ್ಟರೆ, ದೂರದ ನೋಟಕರೊಬ್ಬರು ಪಕ್ಕದಲ್ಲಿಯೇ ಕುಳಿತಂತಾಗುತ್ತದೆ. ಅಳತೆಯ ಪಟ್ಟಿಯಂತಹ ಕಡತವಾದರೆ ಇನ್ನೂ ಸರಳ ಮಾರ್ಗವಿದೆ: ಕಡತದ ತಲೆಯಲ್ಲಿ ಪರಿಷ್ಕರಣದ ದಿನಾಂಕವನ್ನು ದೊಡ್ಡದಾಗಿ ಬರೆದು, ಕರೆಯಲ್ಲಿ ಎದುರಿನವರಿಂದ ಆ ದಿನಾಂಕವನ್ನು ಓದಿಸುವುದು. “ಕಾಣಿಸುತ್ತಿದೆಯೇ?” ಎಂಬ ಪ್ರಶ್ನೆಗೆ ಹೌದು ಎನ್ನುವುದು ಸುಲಭ, “ಮೇಲಿನ ದಿನಾಂಕ ಏನಿದೆ?” ಎಂಬುದಕ್ಕೆ ಉತ್ತರಿಸಲು ನೋಡಲೇಬೇಕು.

ಇನ್ನು ಮಸುಕಿನ ವಿಚಾರ. ಕನ್ನಡ ಓದುವವರಿಗೆ ಇದು ಬೇರೆಯವರಿಗಿಂತ ಹತ್ತಿರದ ಸಮಸ್ಯೆ. ಸಂಪರ್ಕ ದುರ್ಬಲವಾದಾಗ ತಂತ್ರಾಂಶಕ್ಕೆ ಎರಡು ದಾರಿಗಳಿವೆ: ಚಿತ್ರದ ಸೂಕ್ಷ್ಮತೆಯನ್ನು ಕಡಿಮೆಮಾಡಿ ಚಲನೆಯನ್ನು ಉಳಿಸುವುದು, ಅಥವಾ ಚಲನೆಯನ್ನು ತಡೆದು ಸೂಕ್ಷ್ಮತೆಯನ್ನು ಉಳಿಸುವುದು. ಚಲನಚಿತ್ರಕ್ಕೆ ಮೊದಲನೆಯದು ಬೇಕು, ಪಠ್ಯಕ್ಕೆ ಎರಡನೆಯದು. ವಿಡಿಯೊಗೆ ಹೊಂದಿಸುವ ಆಯ್ಕೆಯನ್ನು ಒಮ್ಮೆ ಒತ್ತಿ ಮರೆತುಬಿಟ್ಟರೆ ಅಕ್ಷರಗಳು ಹತ್ತಿಯಂತೆ ಅರಳಿಕೊಳ್ಳುತ್ತವೆ. ರೋಮನ್ ಲಿಪಿಗೆ ಇದರಿಂದ ಆಗುವ ಹಾನಿಗಿಂತ ಕನ್ನಡಕ್ಕೆ ಆಗುವುದು ಹೆಚ್ಚು. ಕನ್ನಡದ ಅರ್ಥಭೇದ ಎಷ್ಟೋ ಕಡೆ ಅಕ್ಷರದ ಅಡಿಯಲ್ಲಿರುವ ಅತಿ ಚಿಕ್ಕ ಗೆರೆಯಲ್ಲಿ ಅಡಗಿದೆ. ಹೊಟ್ಟೆ ಸೀಳಿದರೆ ‘ಧನ’, ಸೀಳದಿದ್ದರೆ ‘ದನ’. ‘ಮರ’ ‘ವರ’ವಾಗಲು ಒಂದು ಸಣ್ಣ ಕೊಂಬು ಕರಗಿದರೆ ಸಾಕು. ‘ಶುಕ್ಲ’ ‘ಶುಕ್ರ’ಗಳ ನಡುವೆ ಇರುವುದು ಒಂದು ಒತ್ತಕ್ಷರ. ಹಳಗನ್ನಡ ಪಠ್ಯವನ್ನು ಆನ್‌ಲೈನ್ ತರಗತಿಯಲ್ಲಿ ಹಂಚಿ ಪಾಠಾಂತರಗಳನ್ನು ಚರ್ಚಿಸಹೊರಟರೆ, ಜಾಲದ ದೌರ್ಬಲ್ಯವೇ ಹೊಸದೊಂದು ಪಾಠಾಂತರವನ್ನು ಸೃಷ್ಟಿಸೀತು. ಲಿಪಿಕಾರರ ಕೈತಪ್ಪುಗಳನ್ನು ಕುರಿತು ಓದಿದ ವಿದ್ಯಾರ್ಥಿಗಳು ಇದನ್ನು ಅದೇ ವಂಶದ ಈಚಿನ ಕುಡಿಯೆಂದು ಗುರುತಿಸಬಹುದು. ಪರಿಹಾರ ಕಷ್ಟವಲ್ಲ: ಪುಟವನ್ನು ಹಿಗ್ಗಿಸಿ ಕೆಲವೇ ಸಾಲುಗಳನ್ನು ತೋರಿಸುವುದು, ಸರಿಸುವಾಗ ನಿಂತು ನಿಂತು ಸರಿಸುವುದು, ಹಂಚುವವರು ತಮ್ಮ ಕ್ಯಾಮೆರಾ ಆರಿಸಿ ದಾರಿಯನ್ನು ಹಗುರಗೊಳಿಸುವುದು.

ಅಕ್ಷರದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಪರದೆಯ ಚಿತ್ರವನ್ನು ಅಡಕಗೊಳಿಸುವ ಸಾಮಾನ್ಯ ವಿಧಾನದಲ್ಲಿ ಬೆಳಕು-ನೆರಳಿನ ವಿವರ ಪೂರ್ತಿಯಾಗಿ ಉಳಿದು, ಬಣ್ಣದ ವಿವರ ಮಾತ್ರ ಅದರ ಕಾಲು ಭಾಗದಷ್ಟಾಗುತ್ತದೆ. ಮನುಷ್ಯನ ಕಣ್ಣು ಬಣ್ಣಕ್ಕಿಂತ ಬೆಳಕಿನ ಭೇದವನ್ನು ಚೆನ್ನಾಗಿ ಗ್ರಹಿಸುವುದರಿಂದ ಛಾಯಾಚಿತ್ರಗಳಲ್ಲಿ ಇದು ಗಮನಕ್ಕೆ ಬಾರದು. ನೀಲಿಯ ಮೇಲೆ ಕೆಂಪು ಅಕ್ಷರ ಬರೆದಾಗ ಗಮನಕ್ಕೆ ಬರುತ್ತದೆ. ಅಕ್ಷರದ ಅಂಚು ಕದಡಿಹೋಗುತ್ತದೆ. ಬಿಳಿಯ ಮೇಲೆ ಕಪ್ಪು ಎಂಬ ಹಳೆಯ ಪದ್ಧತಿ ಇಲ್ಲಿಯೂ ಗೆಲ್ಲುತ್ತದೆ.

ಫಾಂಟಿನ ಬಗ್ಗೆ ಒಂದು ಮಾತು ಸೇರಿಸಬೇಕು. ಪರದೆಯನ್ನು ಹಂಚಿದಾಗ ಹೋಗುವುದು ಚಿತ್ರ. ಆದುದರಿಂದ ಕನ್ನಡದ ಫಾಂಟು ನೋಡುವವರ ಗಣಕದಲ್ಲಿ ಇಲ್ಲದಿದ್ದರೂ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಟೀಮ್ಸ್‌ನಲ್ಲಿ ಪವರ್‌ಪಾಯಿಂಟ್ ಲೈವ್ ಎಂಬ ಬೇರೊಂದು ಆಯ್ಕೆಯಿದೆ. ಅಲ್ಲಿ ಹೋಗುವುದು ಚಿತ್ರವಲ್ಲ, ಕಡತ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಸಿದ್ಧಪಡಿಸಿದ ಪುಟಗಳನ್ನು ಹಾಗೆ ಹಂಚಿದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸಬಹುದು. ದೋಷ ಜಾಲದ್ದೆಂದು ಭಾವಿಸಿ ಮೋಡೆಮ್ ಆರಿಸಿ ಹಚ್ಚಿದರೆ ಏನೂ ಆಗದು.

ಪರದೆ ಹಂಚಿಕೆಯಿಂದ ಎಂದಿಗೂ ಬಗೆಹರಿಯದ ಸಂಗತಿಯೊಂದನ್ನು ತಿರುಪ್ಪೂರಿನ ಬಣ್ಣ ಹಾಕುವವರು ಬಹಳ ಹಿಂದಿನಿಂದ ಬಲ್ಲರು. ಬಟ್ಟೆಯ ಬಣ್ಣವನ್ನು ಒಪ್ಪಿಸಿಕೊಳ್ಳಲು ಅವರು ಸಣ್ಣ ತುಂಡುಗಳಿಗೆ ಬಣ್ಣ ಹಾಕಿ ಮಾದರಿ ತಯಾರಿಸುತ್ತಾರೆ. ಅದಕ್ಕೆ ಲ್ಯಾಬ್ ಡಿಪ್ ಎಂದು ಹೆಸರು. ಅದನ್ನು ನಿರ್ದಿಷ್ಟ ಬೆಳಕಿನ ಪೆಟ್ಟಿಗೆಯೊಳಗಿಟ್ಟು ಮೂಲದೊಂದಿಗೆ ಹೋಲಿಸಿ ನೋಡುತ್ತಾರೆ. ಇಬ್ಬರ ಗಣಕದ ಪರದೆಗಳು ಒಂದೇ ಬಣ್ಣವನ್ನು ಒಂದೇ ರೀತಿ ತೋರಿಸುವುದಿಲ್ಲ. ನಡುವಿನ ಅಡಕದಲ್ಲಿ ಬಣ್ಣದ ವಿವರವೂ ಉದುರಿರುತ್ತದೆ. ಕರೆಯಲ್ಲಿ “ಸ್ವಲ್ಪ ಗಾಢವಾಗಿದೆ” ಎಂಬ ಮಾತು ಬಂದರೆ ಅದಕ್ಕೆ ಉತ್ತರ ತಂತ್ರಾಂಶದ ಯಾವ ಆಯ್ಕೆಯಲ್ಲಿಯೂ ಇಲ್ಲ. ಬಟ್ಟೆಯ ತುಂಡು ಲಕೋಟೆಯಲ್ಲಿ ಕುಳಿತು ವಿಮಾನವೇರಬೇಕು.

ಅಭ್ಯಾಸ

1. ಗುಂಪು ಕರೆಯೊಂದರಲ್ಲಿ ಆರು ಜನರಿದ್ದಾರೆ. ಇಬ್ಬರಿಗೆ ಮಾತ್ರ ಪರದೆ ಮಸುಕಾಗಿ ಕಾಣುತ್ತಿದೆ, ಉಳಿದವರಿಗೆ ಸ್ಪಷ್ಟವಾಗಿದೆ. ದೋಷ ಯಾವ ಕಡೆ ಇರಬಹುದೆಂಬುದನ್ನು ಕಾರಣಸಹಿತ ಬರೆಯಿರಿ.

2. ‘ಕಾಣಿಸುತ್ತಿಲ್ಲ’ ಎಂಬ ಪದವನ್ನು ಬಳಸದೆ, ಐಟಿ ವಿಭಾಗಕ್ಕೆ ಐದು ವಾಕ್ಯಗಳ ದೂರು ಸಿದ್ಧಪಡಿಸಿರಿ. ಯಾರಿಗೆ, ಯಾವಾಗಿನಿಂದ, ಏನು ತೋರುತ್ತಿದೆ, ಯಾವ ಗಣಕ, ಏನೇನು ಪ್ರಯತ್ನಿಸಿಯಾಯಿತು ಎಂಬ ವಿವರಗಳು ಅದರಲ್ಲಿರಲಿ.

3. ನಿಮ್ಮ ಊರಿನಲ್ಲಿ ಆಡುವ ಇತರ ಭಾಷೆಗಳಲ್ಲಿ ‘ಕಾಣು’, ‘ತೋರು’, ‘ತಿಳಿ’ ಎಂಬ ಮೂರು ಅರ್ಥಗಳಿಗೆ ಬಳಕೆಯಲ್ಲಿರುವ ಕ್ರಿಯಾಪದಗಳನ್ನು ಸಂಗ್ರಹಿಸಿರಿ. ಎಲ್ಲಿ ಎರಡು ಅರ್ಥಗಳಿಗೆ ಒಂದೇ ಪದವಿದೆ ಎಂಬುದನ್ನು ಗುರುತಿಸಿರಿ.